ಡೆಸ್ಕಿನಿಂದ ಕೇಳಿದ ಗಿಟಾರು

1992ರ ಅಕ್ಟೋಬರ್ 9ರ ರಾತ್ರಿ ಸ್ಪೇನಿನ ಸರಗೋಸಾದಲ್ಲಿ ಡಯರ್ ಸ್ಟ್ರೇಟ್ಸ್ ಬ್ಯಾಂಡಿನ ಕಾರ್ಯಕ್ರಮ ನಡೆಯಿತು. ಆಮೇಲೆ ಆ ಹೆಸರಿಟ್ಟುಕೊಂಡು ಅವರು ಪ್ರವಾಸ ಹೊರಡಲೇ ಇಲ್ಲ. 1995ರ ಹೊತ್ತಿಗೆ ಬ್ಯಾಂಡಿನ ಹಾಡುಗಾರ, ಗಿಟಾರು ವಾದಕ ಮಾರ್ಕ್ ನಾಫ್ಲರ್ ಸದ್ದುಗದ್ದಲವಿಲ್ಲದೆ ಅಂಗಡಿ ಮುಚ್ಚಿದ. 1985ರಲ್ಲಿ ಬಂದ ಇದೇ ಬ್ಯಾಂಡಿನ ‘ಬ್ರದರ್ಸ್ ಇನ್ ಆರ್ಮ್ಸ್’ ಆಲ್ಬಮ್ ಜಗತ್ತಿನಾದ್ಯಂತ ಮೂರು ಕೋಟಿಗೂ ಹೆಚ್ಚು ಪ್ರತಿ ಖರ್ಚಾಗಿದೆ. ಹತ್ತು ಲಕ್ಷದ ಗಡಿ ದಾಟಿದ ಮೊದಲ ಸಿ.ಡಿ. ಅದೇ. ವ್ಯಾಪಾರ ಹೀಗೆ ಭರ್ಜರಿಯಾಗಿರುವಾಗ ಗಲ್ಲಾ ಬಿಟ್ಟು ಎದ್ದವನಿಗೆ ತಲೆ ನೆಟ್ಟಗಿಲ್ಲ ಎಂದೇ ನಾವೆಲ್ಲ ಮಾತಾಡಿಕೊಂಡೆವು.

ನಾವು ಎಂದರೆ, ರಾತ್ರಿ ಪಾಳಿ ಮುಗಿಸಿ, ಊರ ಆವೃತ್ತಿ ಅಚ್ಚಿಗೆ ಹೋದ ಮೇಲೆ ಕ್ಯಾಸೆಟ್ ಕೇಳುತ್ತಿದ್ದ ಒಂದೆರಡು ಮಂದಿ ಉಪಸಂಪಾದಕರು. ನಾನು ಪತ್ರಿಕೆಯ ಡೆಸ್ಕಿನಲ್ಲಿ ಕೂತೇ ತಲೆ ನರೆತವನು. ಗಿಟಾರಿನ ತಂತಿ ಮುಟ್ಟಿದವನಲ್ಲ. ಆದರೂ ನಾಫ್ಲರನ ಒಂಟಿ ಪಯಣದ ಬಗ್ಗೆ ಸಂಗೀತ ವಿಮರ್ಶಕರು ಬರೆದದ್ದನ್ನು ಓದಿದಾಗಲೆಲ್ಲ ಮುಖ್ಯ ಸುದ್ದಿಯೇ ಬಿಟ್ಟುಹೋಗಿದೆ ಅನಿಸುತ್ತದೆ. ಬ್ಯಾಂಡು ಬಿಟ್ಟವನು ಹೊಸದೇನನ್ನೋ ಹುಡುಕಿಕೊಂಡು ಹೋಗಲಿಲ್ಲ. ಇಪ್ಪತ್ತರ ವಯಸ್ಸಿನಲ್ಲಿ ಬಿಟ್ಟಿದ್ದ ವರದಿಗಾರನ ಕೆಲಸಕ್ಕೆ ವಾಪಸಾದ.

ಹೌದು, ಅವನು ನಮ್ಮವನೇ. 1949ರಲ್ಲಿ ಗ್ಲಾಸ್ಗೊದಲ್ಲಿ ಹುಟ್ಟಿದ. ತಂದೆ ಹಂಗೇರಿಯ ಯಹೂದಿ, ನಾಜಿಗಳ ಕಾಟಕ್ಕೆ ದೇಶ ಬಿಟ್ಟು ಬಂದ ವಾಸ್ತುಶಿಲ್ಪಿ. ತಾಯಿ ಇಂಗ್ಲೆಂಡಿನವಳು. ಬಾಲ್ಯ ಕಳೆದದ್ದು ಈಶಾನ್ಯ ಇಂಗ್ಲೆಂಡಿನಲ್ಲಿ, ನ್ಯೂಕ್ಯಾಸಲ್ ಪಕ್ಕದ ಬ್ಲೈತ್‌ನಲ್ಲಿ. ಕಲ್ಲಿದ್ದಲು, ಹಡಗು, ಟೈನ್ ನದಿಯ ಸೀಮೆ. ಹದಿಹರೆಯದಲ್ಲಿ ಶನಿವಾರಗಳಂದು ‘ನ್ಯೂಕ್ಯಾಸಲ್ ಈವ್ನಿಂಗ್ ಕ್ರಾನಿಕಲ್’ ಕಚೇರಿಯಲ್ಲಿ ಕಾಪಿ ಒಯ್ಯುವ ಹುಡುಗನಾಗಿದ್ದ. ಈ ಕೆಲಸ ಈಗಿನವರಿಗೆ ಗೊತ್ತಿರಲಿಕ್ಕಿಲ್ಲ. ಡೆಸ್ಕಿನವರು ತಿದ್ದಿದ ಹಾಳೆಗಳನ್ನು ಕಂಪೋಸಿಂಗ್ ವಿಭಾಗಕ್ಕೆ ಮುಟ್ಟಿಸಬೇಕು, ಅಲ್ಲಿಂದ ಪ್ರೂಫ್ ತರಬೇಕು, ನಡುವೆ ಯಾರು ಕೂಗಿದರೂ ಓಡಬೇಕು. ನಮ್ಮ ಕಚೇರಿಗಳಲ್ಲೂ ಮೊಳೆ ಜೋಡಿಸುವ ಕಾಲದಲ್ಲಿ ಇಂಥ ಹುಡುಗರಿದ್ದರು. ಯಾವ ಉಪಸಂಪಾದಕ ಎಷ್ಟು ಸಿಡುಕ, ಯಾರ ಅಕ್ಷರ ಓದಲು ಬರುವುದಿಲ್ಲ, ಯಾರು ಮೇಜಿನ ಡ್ರಾಯರಿನಲ್ಲಿ ಕಾದಂಬರಿ ಬಚ್ಚಿಟ್ಟುಕೊಂಡು ಬರೆಯುತ್ತಿದ್ದಾರೆ, ಎಲ್ಲ ಅವರಿಗೆ ಗೊತ್ತಿರುತ್ತಿತ್ತು.

ಆ ಕಚೇರಿಯಲ್ಲಿ ಅಂಥ ಒಬ್ಬ ಮುದುಕನಿದ್ದ. ಹೆಸರು ಬೇಸಿಲ್ ಬಂಟಿಂಗ್. ಕವಿ ಎಜ್ರಾ ಪೌಂಡನ ಗೆಳೆಯ, ಒಂದು ಕಾಲಕ್ಕೆ ಇರಾನಿನಲ್ಲಿ ‘ಟೈಮ್ಸ್’ ಪತ್ರಿಕೆಯ ಬಾತ್ಮೀದಾರ. 1952ರಲ್ಲಿ ಅಲ್ಲಿಂದ ಹೊರಹಾಕಿಸಿಕೊಂಡು ಊರಿಗೆ ಬಂದವನು ಹೊಟ್ಟೆಪಾಡಿಗೆ ಷೇರುಪೇಟೆಯ ದರಪಟ್ಟಿ ತಿದ್ದುತ್ತ ಕೂತಿದ್ದ. ಕೆಲಸಕ್ಕೆ ಓಡಾಡುವ ರೈಲಿನಲ್ಲೇ ಕಟ್ಟಿದ ಅವನ ದೀರ್ಘ ಕವಿತೆ ‘ಬ್ರಿಗ್‌ಫ್ಲಾಟ್ಸ್’ 1966ರಲ್ಲಿ ಪ್ರಕಟವಾಗಿ, ಇಪ್ಪತ್ತನೇ ಶತಮಾನದ ಇಂಗ್ಲಿಷ್ ಕಾವ್ಯದ ದೊಡ್ಡ ಕೃತಿಗಳ ಸಾಲಿಗೆ ಸೇರಿತು. ಕಾಪಿ ಹುಡುಗನಿಗೆ ಕಂಡದ್ದು ಇದ್ಯಾವುದೂ ಅಲ್ಲ, ಕೆಲಸ ಕಂಡರೆ ಆಗದ, ಯಾರೊಂದಿಗೂ ಬೆರೆಯದ ಒಬ್ಬ ಸಿಡುಕ. ನಾಫ್ಲರನ 2015ರ ‘ಟ್ರ್ಯಾಕರ್’ ಆಲ್ಬಮ್ಮಿನಲ್ಲಿ ‘ಬೇಸಿಲ್’ ಎಂಬ ಹಾಡಿದೆ. ಒಂದು ಸುದ್ದಿಯನ್ನು ಐವತ್ತು ವರ್ಷ ಕೈಯಲ್ಲಿಟ್ಟುಕೊಂಡು ಕಾದು ಬರೆದ ವರದಿಗಾರನನ್ನು ನಾನಂತೂ ಬೇರೆ ಕಂಡಿಲ್ಲ. ಆ ಹಾಡಿನಲ್ಲಿ ಗಿಟಾರಿನ ಗತ್ತು ಹುಡುಕಬೇಡಿ, ನಿರಾಶೆಯಾಗುತ್ತದೆ. ಹುಡುಗನ ಮುಂದೆ ಇಡೀ ಬದುಕಿದೆ, ಮುದುಕನ ಬೆನ್ನ ಹಿಂದೆ ಇಡೀ ಬದುಕಿದೆ, ಇಬ್ಬರೂ ಒಂದೇ ಕೋಣೆಯಲ್ಲಿದ್ದಾರೆ. ಅಷ್ಟನ್ನು ಹೇಳಿ ಮುಗಿಸುತ್ತಾನೆ.

ಆ ಕಾಪಿ ಹುಡುಗ ಮುಂದೆ ಹಾರ್ಲೊದಲ್ಲಿ ಪತ್ರಿಕೋದ್ಯಮ ಓದಿ ಲೀಡ್ಸ್‌ನ ‘ಯಾರ್ಕ್‌ಷೈರ್ ಈವ್ನಿಂಗ್ ಪೋಸ್ಟ್’ ಸೇರಿದ. ಕೋರ್ಟು, ಕಳವು, ಊರಿನ ಸಭೆ, ಕಿರಿಯ ವರದಿಗಾರನಿಗೆ ಸಿಗುವುದೆಲ್ಲ ಅಂಥದೇ. 1970ರ ಸೆಪ್ಟೆಂಬರಿನಲ್ಲಿ ಜಿಮಿ ಹೆಂಡ್ರಿಕ್ಸ್ ಸತ್ತಾಗ ಆ ಸುದ್ದಿ ಬರೆಯುವ ಕೆಲಸ ಇವನ ಪಾಲಿಗೆ ಬಂತು. ಅಲ್ಲಿ ಮಾಡಿದ ಕೊನೆಯ ಕೆಲಸಗಳಲ್ಲಿ ಅದೂ ಒಂದು. ಮುಂದೆ ಲೀಡ್ಸ್ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಪದವಿ, ಎಸೆಕ್ಸ್‌ನ ಕಾಲೇಜೊಂದರಲ್ಲಿ ಮೇಷ್ಟರ ಕೆಲಸ. 1977ರಲ್ಲಿ ತಮ್ಮ ಡೇವಿಡ್, ಜಾನ್ ಇಲ್ಸ್‌ಲಿ, ಪಿಕ್ ವಿದರ್ಸ್ ಜೊತೆ ಬ್ಯಾಂಡು ಕಟ್ಟುವಾಗ ಇವನಿಗೆ ಇಪ್ಪತ್ತೆಂಟು ತುಂಬುತ್ತಿತ್ತು. ರಾಕ್ ಸಂಗೀತದಲ್ಲಿ ಅದು ಹೆಚ್ಚು ಕಡಿಮೆ ನಿವೃತ್ತಿಯ ವಯಸ್ಸು.

ಅವನ ಬೆರಳಿನ ಬಗ್ಗೆ ಒಂದು ಮಾತು. ಎಲ್ಲರೂ ಪ್ಲಾಸ್ಟಿಕ್ ಪಿಕ್ ಹಿಡಿದು ತಂತಿ ಮೀಟುವಾಗ ಇವನು ಹೆಬ್ಬೆರಳು ಮತ್ತು ಎರಡು ಬೆರಳುಗಳಿಂದ ನುಡಿಸುತ್ತಾನೆ. ಈ ಅಭ್ಯಾಸ ಬಿದ್ದದ್ದು ಬಡತನದ ದಿನಗಳಲ್ಲಿ, ಕುತ್ತಿಗೆ ಸೊಟ್ಟಗಾದ ಒಂದು ಹಳೇ ಗಿಟಾರಿನ ಮೇಲೆ. ಅದರಲ್ಲಿ ತೆಳ್ಳನೆ ತಂತಿ ಹಾಕಿ ಬೆರಳಿನಿಂದ ಮೀಟಿದರಷ್ಟೇ ನಾದ ಹೊರಡುತ್ತಿತ್ತು. ಇನ್ನೊಂದು ವಿಚಿತ್ರ, ಇವನು ಎಡಚ, ಆದರೆ ಗಿಟಾರು ಹಿಡಿಯುವುದು ಬಲಗೈಯವರ ಹಾಗೆ. ತಂತಿಯನ್ನು ಒತ್ತಿ ಎಳೆಯುವ ಕೈಯೇ ಗಟ್ಟಿ ಕೈ. ಚರ್ಮ ನೇರವಾಗಿ ತಂತಿಗೆ ತಾಗುವುದರಿಂದ ಸ್ವರದ ತುದಿಯಲ್ಲಿ ಮಾತಿನ ಎಳೆತ ಬರುತ್ತದೆ. ಬ್ಯಾಂಡಿನ ಕಾಲದಲ್ಲಿ ಅದನ್ನು ಎಲ್ಲರೂ ಸೋಲೊ ಎಂದು ಕೇಳಿದರು. ಒಂಟಿಯಾದ ಮೇಲೆ ಅವನು ಅದನ್ನು ಹಾಡಿನ ಸಾಲಿಗೆ ಸಾಲಾಗಿ ಉತ್ತರ ಕೊಡಲಿಕ್ಕಷ್ಟೇ ಬಳಸತೊಡಗಿದ.

ಬ್ಯಾಂಡಿನ ಕಥೆ ಎಲ್ಲರಿಗೂ ಗೊತ್ತು, ಮತ್ತೆ ಹೇಳುವುದಿಲ್ಲ. ಆದರೆ ಆ ವರ್ಷಗಳಲ್ಲೂ ಅವನ ಒಂದು ಕಾಲು ಹೊರಗೇ ಇತ್ತು. ಬಾಬ್ ಡಿಲನ್‌ನ ‘ಇನ್‌ಫಿಡೆಲ್ಸ್’ ಆಲ್ಬಮ್ಮಿಗೆ ನಿರ್ಮಾಪಕನಾದ. ಬಿಲ್ ಫೋರ್ಸಿತ್‌ನ ‘ಲೋಕಲ್ ಹೀರೊ’ ಚಿತ್ರಕ್ಕೆ ಸಂಗೀತ ಕೊಟ್ಟ. ಅದರ ಕೊನೆಯ ಧಾಟಿ ಕೇಳಿಸುತ್ತಿದ್ದಂತೆ ಇಂದಿಗೂ ನ್ಯೂಕ್ಯಾಸಲ್ ಯುನೈಟೆಡ್ ಆಟಗಾರರು ಮೈದಾನಕ್ಕಿಳಿಯುತ್ತಾರೆ. 1990ರಲ್ಲಿ ನ್ಯಾಶ್‌ವಿಲ್‌ನ ಹಿರಿಯ ಚೆಟ್ ಅಟ್ಕಿನ್ಸ್ ಪಕ್ಕದಲ್ಲಿ ಕೂತು ‘ನೆಕ್ ಅಂಡ್ ನೆಕ್’ ಮಾಡಿದ. ಹಳೆಯ ಲೀಡ್ಸ್ ಗೆಳೆಯರ ಜೊತೆ ಕಟ್ಟಿದ್ದ ‘ನಾಟಿಂಗ್ ಹಿಲ್‌ಬಿಲೀಸ್’ ಎಂಬ ತಮಾಷೆ ಹೆಸರಿನ ತಂಡದಲ್ಲಿ ಅದೇ ವರ್ಷ ಹಳ್ಳಿಹಾಡುಗಳಂಥವನ್ನು ನುಡಿಸಿದ. ಕ್ರೀಡಾಂಗಣ ತುಂಬಿಸುವ ಲಾರಿಗಳು, ದೀಪಗಳು, ನೂರಾರು ಊರುಗಳು ಅವನಿಗೆ ಸಾಕಾಗಿದ್ದವು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಸ್ವಂತ ಹೆಸರಿನ ಮೊದಲ ಆಲ್ಬಮ್ ‘ಗೋಲ್ಡನ್ ಹಾರ್ಟ್’ 1996ರಲ್ಲಿ ಬಂತು. ನನಗೆ ಅದು ಇನ್ನೂ ದಾರಿ ತಡಕಾಡುವವನ ಕೆಲಸದಂತೆ ಕೇಳುತ್ತದೆ. 2000ದ ‘ಸೇಲಿಂಗ್ ಟು ಫಿಲಡೆಲ್ಫಿಯಾ’ದಲ್ಲಿ ದಾರಿ ಸಿಕ್ಕಿತು. ಥಾಮಸ್ ಪಿಂಚನ್‌ನ ‘ಮೇಸನ್ ಅಂಡ್ ಡಿಕ್ಸನ್’ ಕಾದಂಬರಿ ಓದಿ ಹುಟ್ಟಿದ ಶೀರ್ಷಿಕೆ ಹಾಡು ಅದು. 1763ರಿಂದ ನಾಲ್ಕು ವರ್ಷ ಅಮೆರಿಕದಲ್ಲಿ ಗಡಿರೇಖೆ ಅಳೆದ ಇಬ್ಬರು ಇಂಗ್ಲಿಷರ ಪೈಕಿ ಜೆರೆಮಾಯ ಡಿಕ್ಸನ್ ನಾಫ್ಲರನ ಸೀಮೆಯವನೇ, ಡರಮ್‌ನ ಕಲ್ಲಿದ್ದಲು ನೆಲದವನು. ಅವನ ದನಿ ನಾಫ್ಲರನದು, ಮೇಸನ್‌ನ ದನಿ ಜೇಮ್ಸ್ ಟೇಲರನದು. ಊರವನು ಹೊರನಾಡಿನಲ್ಲಿ ಏನು ಮಾಡಿದ ಎಂಬುದು ಜಿಲ್ಲಾ ಪುಟಕ್ಕೆ ಎಂದೂ ಹಳಸದ ಸುದ್ದಿ.

2003ರ ಮಾರ್ಚಿನಲ್ಲಿ ಲಂಡನ್ನಿನ ರಸ್ತೆಯಲ್ಲಿ ಮೋಟಾರ್‌ಸೈಕಲ್ ಅಪಘಾತವಾಯಿತು. ಕಾಲರ್ ಮೂಳೆ, ಹೆಗಲ ಮೂಳೆ, ಏಳು ಪಕ್ಕೆಲುಬು ಮುರಿದವು. ನಿಗದಿಯಾಗಿದ್ದ ಪ್ರವಾಸ ರದ್ದು. ಚೇತರಿಸಿಕೊಂಡು ಮರುವರ್ಷ ಕೊಟ್ಟ ‘ಶಾಂಗ್ರಿ-ಲಾ’ ಅವನ ಅತ್ಯುತ್ತಮ ಆಲ್ಬಮ್ ಎಂದು ನನ್ನ ಪಕ್ಷಪಾತದ ತೀರ್ಪು. ಅದನ್ನೊಂದು ದಿನದ ಪತ್ರಿಕೆಯ ಹಾಗೆ ತೆರೆದು ನೋಡಬಹುದು. ವಾಣಿಜ್ಯ ಪುಟದಲ್ಲಿ ರೇ ಕ್ರಾಕ್: ಮಿಲ್ಕ್‌ಶೇಕ್ ಯಂತ್ರ ಮಾರುತ್ತಿದ್ದವನು 1954ರಲ್ಲಿ ಕ್ಯಾಲಿಫೋರ್ನಿಯಾದ ಒಂದೇ ಹೋಟೆಲಿನಲ್ಲಿ ಎಂಟು ಯಂತ್ರ ಓಡುತ್ತಿವೆ ಎಂದು ಕೇಳಿ ನೋಡಲು ಹೋದ, 1961ರಲ್ಲಿ ಮೆಕ್‌ಡೊನಾಲ್ಡ್ ಸಹೋದರರಿಗೆ 27 ಲಕ್ಷ ಡಾಲರ್ ಕೊಟ್ಟು ಅವರ ಹೆಸರನ್ನೇ ಕೊಂಡುಕೊಂಡ. ಕ್ರಾಕ್‌ನ ಆತ್ಮಕಥೆ ಓದಿ, ಬೈಗುಳವಿಲ್ಲದೆ, ಅವನ ಬಾಯಲ್ಲೇ ಅವನ ಕಥೆ ಹೇಳಿಸಿದ್ದಾನೆ. ಕ್ರೀಡಾ ಪುಟದಲ್ಲಿ ಸಾನಿ ಲಿಸ್ಟನ್: ಅರ್ಕಾನ್ಸಾಸ್‌ನ ಗೇಣಿದಾರನ ಮಗ, ಹುಟ್ಟಿದ ದಿನ ಯಾವುದೆಂದು ಖಚಿತವಿಲ್ಲದ, 1962ರಲ್ಲಿ ಮೊದಲ ಸುತ್ತಿನಲ್ಲೇ ಚಾಂಪಿಯನ್ ಆದ ಹೆವಿವೇಟ್ ಬಾಕ್ಸರ್; ಲಾಸ್ ವೇಗಸ್‌ನ ಮನೆಯಲ್ಲಿ ಅವನ ಶವ ಕಂಡದ್ದು ಪ್ರವಾಸದಿಂದ ಮರಳಿದ ಹೆಂಡತಿಗೆ.

ಅಪರಾಧ ಪುಟದ ಹಾಡು ‘5.15 ಎ.ಎಂ.’. 1967ರ ಜನವರಿ 5, ಡರಮ್‌ನ ಸೌತ್ ಹೆಟನ್, ನೆಲದ ಮೇಲೆ ಹಿಮ. ರಾತ್ರಿ ಪಾಳಿ ಮುಗಿಸಿ ಮನೆ ಕಡೆ ಹೊರಟ ಗಣಿ ಕಾರ್ಮಿಕನಿಗೆ ನಿಂತ ಜಾಗ್ವಾರ್ ಕಾರಿನಲ್ಲಿ ಹೆಣ ಕಾಣುತ್ತದೆ. ಜೂಜಿನ ಯಂತ್ರಗಳ ಹಣ ಸಂಗ್ರಹಿಸುತ್ತಿದ್ದವನ ಕೊಲೆ ಅದು. ಈಶಾನ್ಯ ಇಂಗ್ಲೆಂಡಿನಲ್ಲಿ ವರ್ಷಗಟ್ಟಲೆ ಮಾತಾದ ಪ್ರಕರಣ. ಯಾವ ಉಪಸಂಪಾದಕನಾದರೂ ಇದಕ್ಕೆ ಕೊಲೆಗಾರರನ್ನೇ ತಲೆಬರಹ ಮಾಡುತ್ತಿದ್ದ. ನಾಫ್ಲರ್ ಗಣಿಯವನಿಂದ ಶುರುಮಾಡುತ್ತಾನೆ. ಏಕೆಂದರೆ ಆ ಯಂತ್ರಗಳು ಇದ್ದದ್ದು ಗಣಿಯವರ ಕ್ಲಬ್ಬುಗಳಲ್ಲಿ, ಅವು ನುಂಗಿದ್ದು ಅವರದೇ ಕೂಲಿ. ಇದನ್ನು ಒಂದೇ ಒಂದು ಉಪದೇಶದ ಸಾಲಿಲ್ಲದೆ ಹೇಳಿದ್ದಾನೆ. ಹೊಸ ಹುಡುಗರಿಗೆ ಇಂಟ್ರೊ ಬರೆಯುವುದನ್ನು ಕಲಿಸುವಾಗ ನಾನು ಈ ಹಾಡಿನ ಉದಾಹರಣೆ ಕೊಟ್ಟದ್ದುಂಟು. ಅವರು ಹಾಡು ಕೇಳಿದರೋ ಇಲ್ಲವೋ, ದೇವರೇ ಬಲ್ಲ.

ಅದೇ ಆಲ್ಬಮ್ಮಿನ ಪ್ರವಾಸ 2005ರ ಮಾರ್ಚಿನಲ್ಲಿ ಮುಂಬೈ ಮುಗಿಸಿ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂತು. ವೇದಿಕೆಯಲ್ಲಿ ಬ್ಯಾಂಡಿನ ಕಾಲದ ಒಬ್ಬನೇ ಗೆಳೆಯ, 1984ರಿಂದ ಜೊತೆಗಿದ್ದ ಕೀಬೋರ್ಡಿನ ಗೈ ಫ್ಲೆಚರ್. ರಿಚರ್ಡ್ ಬೆನೆಟ್, ಗ್ಲೆನ್ ವರ್ಫ್ ಮುಂತಾದವರು ನ್ಯಾಶ್‌ವಿಲ್ ಸ್ಟುಡಿಯೊಗಳಲ್ಲಿ ಪಳಗಿದವರು, ಒಂದು ಸ್ವರ ಹೆಚ್ಚಿಗೆ ನುಡಿಸದ ಜನ. ನನ್ನ ಪಕ್ಕದಲ್ಲಿದ್ದ ಹುಡುಗ ಎರಡು ಹಾಡಿಗೊಮ್ಮೆ ತಿರುಗಿ, “ಸಾರ್, ‘ಸುಲ್ತಾನ್ಸ್’ ಯಾವಾಗ ಬರುತ್ತೆ?” ಎನ್ನುತ್ತಿದ್ದ. “ಬರುತ್ತೆ ಕಣಪ್ಪ, ತಾಳು” ಎಂದೆ. ಬಂತು. ಬ್ಯಾಂಡಿನ ಆ ಹಳೇ ಹಾಡಿಗೆ ಮೈದಾನಕ್ಕೆ ಮೈದಾನವೇ ಎದ್ದು ಕುಣಿಯಿತು. ಲಿಸ್ಟನ್ ಹಾಡಿಗೆ ಅದೇ ಜನ ಶೀತಲ ಪಾನೀಯ ತರಲು ಎದ್ದುಹೋಗಿದ್ದರು. ನನಗೆ ಕೋಪ ಬಂದದ್ದು ನಿಜ, ಆದರೆ ಟಿಕೆಟ್ ಕೊಂಡವರಿಗೆ ಹಳೆಯದನ್ನು ಕೇಳುವ ಹಕ್ಕಿಲ್ಲವೆ? ನಾಫ್ಲರ್ ಆ ಹಕ್ಕನ್ನು ಯಾವತ್ತೂ ಅಲ್ಲಗಳೆದವನಲ್ಲ.

ದೂರುಗಳೂ ಇವೆ. ದನಿ ಮೊದಲೇ ಗೊಣಗಾಟ, ವಯಸ್ಸಾದಂತೆ ಇನ್ನೂ ಇಳಿಯಿತು. ‘ಕಿಲ್ ಟು ಗೆಟ್ ಕ್ರಿಮ್ಸನ್’ ಒಂದೇ ಗತಿಯಲ್ಲಿ ತೆವಳುತ್ತದೆ. 2012ರ ‘ಪ್ರೈವಟಿಯರಿಂಗ್’ ಎರಡು ಡಿಸ್ಕ್ ಆಗಬೇಕಿರಲಿಲ್ಲ. ಕತ್ತರಿಸುವ ಸಂಪಾದಕ ಇಲ್ಲದಿದ್ದರೆ ಎಂಥ ವರದಿಗಾರನೂ ಉದ್ದವಾಗುತ್ತಾನೆ. ಆದರೆ ಇವೆರಡರ ನಡುವೆ 2009ರಲ್ಲಿ ಬಂದ ‘ಗೆಟ್ ಲಕ್ಕಿ’ಯಲ್ಲಿ ಎರಡು ಹಾಡುಗಳಿವೆ, ಅವಕ್ಕಾಗಿ ಉಳಿದದ್ದನ್ನೆಲ್ಲ ಕ್ಷಮಿಸಬಹುದು. ಒಂದು, ಕ್ಲೈಡ್ ನದಿಯಲ್ಲಿ ಕಟ್ಟಿದ ಹಡಗೊಂದು ಮುರಿಸಿಕೊಳ್ಳಲು ದೂರದ ದಡಕ್ಕೆ ಬಂದು ಮರಳಿಗೆ ಏರುವ ಹಾಡು. ಕೇಳುವಾಗ ನನಗೆ ಗುಜರಾತಿನ ಅಲಂಗ್ ಕಣ್ಮುಂದೆ ಬರುತ್ತದೆ. ಇನ್ನೊಂದು, ಸೋದರಮಾವ ಫ್ರೆಡ್ಡಿಯದು. ಸೇನೆಯ ತುಕಡಿಯೊಂದರಲ್ಲಿ ಬ್ಯಾಗ್‌ಪೈಪ್ ಊದುತ್ತಿದ್ದ ಅವನು 1940ರ ಮೇ ತಿಂಗಳಲ್ಲಿ ಫ್ರಾನ್ಸಿನ ಅರಾಸ್ ಬಳಿ ವಾದ್ಯ ಹೊತ್ತೇ ಕಾಳಗಕ್ಕಿಳಿದು ಸತ್ತ. ವಯಸ್ಸು ಇಪ್ಪತ್ತು.

ಬ್ಯಾಂಡನ್ನು ಮತ್ತೆ ಕೂಡಿಸಿ ಎಂಬ ಬೇಡಿಕೆಗೆ ಅವನು ಕಿವಿಗೊಡಲೇ ಇಲ್ಲ. 2018ರಲ್ಲಿ ಡಯರ್ ಸ್ಟ್ರೇಟ್ಸ್‌ಗೆ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಗೌರವ ಸಿಕ್ಕಾಗ ಕ್ಲೀವ್‌ಲ್ಯಾಂಡಿನ ಸಮಾರಂಭಕ್ಕೆ ಹೋಗಲಿಲ್ಲ. ಪರಿಚಯ ಭಾಷಣ ಮಾಡಲು ಬೇರೆ ಯಾರೂ ಇರದೆ ಜಾನ್ ಇಲ್ಸ್‌ಲಿಯೇ ತಮ್ಮ ಬ್ಯಾಂಡನ್ನು ತಾನೇ ಬರಮಾಡಿಕೊಂಡ. ನನಗೆ ಇಲ್ಸ್‌ಲಿಯ ಬಗ್ಗೆ ಮರುಕ ಹುಟ್ಟಿತು. 2024ರ ಜನವರಿಯಲ್ಲಿ ಕ್ರಿಸ್ಟೀಸ್ ಹರಾಜಿನಲ್ಲಿ ನಾಫ್ಲರನ ನೂರಿಪ್ಪತ್ತಕ್ಕೂ ಹೆಚ್ಚು ಗಿಟಾರುಗಳು ಒಟ್ಟು 88 ಲಕ್ಷ ಪೌಂಡಿಗೆ ಹೋದವು, ಕಾಲು ಭಾಗ ದತ್ತಿ ಸಂಸ್ಥೆಗಳಿಗೆ. ‘ಮನಿ ಫಾರ್ ನಥಿಂಗ್’ ನುಡಿಸಿದ ಲೆಸ್ ಪಾಲ್ ಸಹ ಅದರಲ್ಲಿತ್ತು.

ಅದೇ ವರ್ಷದ ಏಪ್ರಿಲ್‌ನಲ್ಲಿ ‘ಒನ್ ಡೀಪ್ ರಿವರ್’ ಬಂತು. ಅದರಲ್ಲಿನ ‘ಟನಲ್ 13’ ಅಪ್ಪಟ ಅಪರಾಧ ವರದಿ. 1923ರ ಅಕ್ಟೋಬರಿನಲ್ಲಿ ಅಮೆರಿಕದ ಆರೆಗನ್‌ನ ಬೆಟ್ಟಗಳಲ್ಲಿ ಡಿಯೋಟ್ರೆಮಾಂಟ್ ಎಂಬ ಮೂವರು ಅಣ್ಣತಮ್ಮಂದಿರು ಹದಿಮೂರನೇ ಸುರಂಗದ ಬಳಿ ರೈಲು ತಡೆದರು. ಅಂಚೆ ಬೋಗಿ ಒಡೆಯಲು ಇಟ್ಟ ಡೈನಮೈಟ್ ಅಳತೆ ಮೀರಿತು. ನಾಲ್ವರು ರೈಲ್ವೆ ಮತ್ತು ಅಂಚೆ ನೌಕರರು ಸತ್ತರು, ದರೋಡೆಕೋರರಿಗೆ ಕಾಸೂ ದಕ್ಕಲಿಲ್ಲ, ನಾಲ್ಕು ವರ್ಷ ತಲೆಮರೆಸಿಕೊಂಡಿದ್ದು ಸಿಕ್ಕಿಬಿದ್ದರು. ಇಷ್ಟೆಲ್ಲ ಹೇಳಿದ ಮೇಲೆ ಗಿಟಾರಿನ ಮಾತು ಬರುತ್ತದೆ: ಆ ಸುರಂಗದ ಹಳೆಯ ರೆಡ್‌ವುಡ್ ತೊಲೆಗಳಿಂದ ಗಿಟಾರು ಮಾಡಿದ್ದಾರೆ, ಈ ಕಥೆ ಬಂದದ್ದೇ ಆ ಮರದಿಂದ. ಸುದ್ದಿಯ ಮೂಲವನ್ನು ಕೊನೆಯ ಪ್ಯಾರಾದಲ್ಲಿಟ್ಟಿದ್ದಾನೆ. ನನ್ನ ಕೈಗೆ ಬಂದಿದ್ದರೆ ನಡುವಿನ ಒಂದೆರಡು ಪ್ಯಾರಾ ಕತ್ತರಿಸಿ, ಬೈಲೈನ್ ಹಾಕಿ, ಕೆಳಗೆ ಕಳಿಸುತ್ತಿದ್ದೆ.