ಜೆನ್ ಝೀ ಅಂದ್ರೆ ಯಾರ್ರೀ ಸರ?

ವೀಕ್ಷಕರೇ, 2025ರ ಸೆಪ್ಟೆಂಬರಿನಲ್ಲಿ ನಮ್ಮ ಸ್ಟುಡಿಯೋದಲ್ಲಿ ಹಗಲೂ ರಾತ್ರಿ ಒಂದೇ ಪದ, 'ಜೆನ್ ಝೀ'. ನೇಪಾಳ ಸರ್ಕಾರ ಸೋಷಿಯಲ್ ಮೀಡಿಯಾ ಬಂದ್ ಮಾಡ್ತು, ಹುಡುಗರು ಬೀದಿಗಿಳಿದರು, ಪ್ರಧಾನಿ ಕೆ.ಪಿ. ಶರ್ಮಾ ಓಲಿ ರಾಜೀನಾಮೆ ಕೊಟ್ಟರು. ಗಂಟೆಗೆ ಹತ್ತು ಸಲ ಆ ಪದ ಹೇಳಿದವನು ನಾನು. ಅದರ ಅರ್ಥ ಏನು ಅಂತ ನನ್ನನ್ನೇ ಹಿಡಿದು ಕೇಳಿದವನು ಮಾತ್ರ ಮಾನ್ವಿ ತಾಲ್ಲೂಕಿನ ನೀರಮಾನ್ವಿಯ ಒಬ್ಬ ಹುಡುಗ.

ಚಹಾ ಅಂಗಡಿ ಮುಂದೆ, 'ಏನಪ್ಪಾ, ನೀನೂ ಜೆನ್ ಝೀ ತಾನೇ?' ಅಂದೆ. 'ಹಂಗಂದ್ರೇನ್ರೀ ಸರ?' ಅಂದ.

ಹೇಳಿದೆ. 1991ರಲ್ಲಿ ಕೆನಡಾದ ಲೇಖಕ ಡಗ್ಲಸ್ ಕೂಪ್ಲಂಡ್ 'ಜನರೇಷನ್ ಎಕ್ಸ್' ಅಂತ ಕಾದಂಬರಿ ಬರೆದರು. ಗಣಿತದಲ್ಲಿ ಗೊತ್ತಿಲ್ಲದ ಸಂಖ್ಯೆಗೆ ಎಕ್ಸ್ ಅಂತೀವಲ್ಲ, ಹಾಗೆ ಯಾವ ಹಣೆಪಟ್ಟಿಗೂ ಸಿಗದ ಹುಡುಗರು ಅನ್ನೋ ಧ್ವನಿ ಅದರಲ್ಲಿತ್ತು. ಆದರೆ ಅವರ ನಂತರದವರಿಗೆ ಹೆಸರಿಡುವಾಗ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಎಕ್ಸ್ ಆದ ಮೇಲೆ ವೈ, ವೈ ಆದ ಮೇಲೆ ಝಡ್. ಅಮೆರಿಕದವರು ಝಡ್ ಅನ್ನೋದನ್ನ ಝೀ ಅಂತಾರೆ, ಅಷ್ಟೇ. ಆ ದೇಶದ ಪ್ಯೂ ಸಂಶೋಧನಾ ಕೇಂದ್ರ 1997ರಿಂದ 2012ರವರೆಗೆ ಹುಟ್ಟಿದವರು ಅಂತ ಗೆರೆ ಎಳೆಯಿತು.

'ನೀನು ಹುಟ್ಟಿದ್ದು?'

'2003, ಜೂನ್ ಒಂದು.'

ಪಕ್ಕದಲ್ಲಿದ್ದ ಅವನ ಗೆಳೆಯನದ್ದೂ ಜೂನ್ ಒಂದು! ನಮ್ಮ ಹಳ್ಳಿಗಳ ಕಡೆ ಗೊತ್ತಲ್ಲ, ತಾರೀಕು ಗೊತ್ತಿಲ್ಲದ ಮಕ್ಕಳಿಗೆ ಶಾಲೆಯ ಮೇಷ್ಟ್ರು ಬರೆದುಕೊಡುವ ಹುಟ್ಟಿದ ದಿನ ಅದು.

ನಿಜವಾದ ಲೆಕ್ಕ ಹೇಳಿದ್ದು ಅವನ ಅಜ್ಜಿ. 'ನಾ ರಜಾಕಾರರ ಗದ್ದಲದಾಗ ಹುಟ್ಟಿದಾಕಿ. ಇವರಪ್ಪ ದೊಡ್ಡ ಬರಗಾಲದಾಗ. ಇವ ನಾವು ಗುಳೆ ಹೋದಾಗ ಬೆಂಗಳೂರಾಗ, ಶೆಡ್ಡಿನ್ಯಾಗ ಹುಟ್ಟಿದ.'

ಮೂರು ವಾಕ್ಯ. ಈ ಭಾಗದ ಮುಕ್ಕಾಲು ಶತಮಾನದ ಇತಿಹಾಸ ಅದರಲ್ಲೇ ಬಂತು. ರಾಯಚೂರು ಆಗ ನಿಜಾಮರ ಆಳ್ವಿಕೆಯಲ್ಲಿತ್ತು. 1948ರ ಸೆಪ್ಟೆಂಬರ್ 13ಕ್ಕೆ ಭಾರತದ ಸೇನೆ ನುಗ್ಗಿತು, 17ಕ್ಕೆ ನಿಜಾಮರು ಶರಣಾದರು. ದೊಡ್ಡ ಬರಗಾಲ ಅಂದರೆ 1972ರದ್ದು. ಗುಳೆಗೆ ಮಾತ್ರ ಇಸವಿ ಇಲ್ಲ, ಅದು ಇನ್ನೂ ಮುಗಿದಿಲ್ಲ.

ಪರಿಹಾರ ಆಗಲೇ ಇಲ್ಲ ಅಂತಲ್ಲ. 2012ರಲ್ಲಿ ಸಂಸತ್ತು ಸಂವಿಧಾನಕ್ಕೆ 98ನೇ ತಿದ್ದುಪಡಿ ತಂದು 371ಜೆ ಸೇರಿಸಿತು. ಈ ಭಾಗದ ಕಾಲೇಜುಗಳಲ್ಲಿ ಶೇ 70ರಷ್ಟು, ರಾಜ್ಯದ ಉಳಿದ ಕಡೆ ಶೇ 8ರಷ್ಟು ಸೀಟು ಇಲ್ಲಿನವರಿಗೆ. ಸರ್ಕಾರಿ ಕೆಲಸದಲ್ಲೂ ಮೀಸಲು. 2019ರಲ್ಲಿ ಹೈದರಾಬಾದ್ ಕರ್ನಾಟಕ ಅನ್ನೋ ಹೆಸರೂ ಹೋಗಿ ಕಲ್ಯಾಣ ಕರ್ನಾಟಕ ಆಯಿತು. ಆ ಹುಡುಗನ ಹತ್ತಿರವೂ 371ಜೆ ಸರ್ಟಿಫಿಕೇಟ್ ಇದೆ. ಡಿಗ್ರಿ ಮುಗಿಸಿದ್ದಾನೆ, ಪರೀಕ್ಷೆ ಬರೀತಾ ಕೂತಿದ್ದಾನೆ. 'ಈ ಸಲ ಆಗಲಿಲ್ಲಂದ್ರ ಬೆಂಗಳೂರೇರಿ ಸರ' ಅಂದ. ಅಪ್ಪ ಹೋದ ದಾರಿಯೇ.

ಜೆನ್ ಝೀ ಅನ್ನೋ ಹೆಸರು ತಪ್ಪು ಅಂತ ನಾನು ಹೇಳಲ್ಲ. ಇವನ ಕೈಯಲ್ಲೂ ಅದೇ ಮೊಬೈಲ್, ಅದೇ ರೀಲ್ಸ್. ಆದರೆ ಆ ಹೆಸರು ಹುಟ್ಟಿದ ಇಸವಿ ಬಿಟ್ಟು ಬೇರೇನೂ ಹೇಳಲ್ಲ. ಇವನಿಗೆ ಆ ಇಸವಿಯೂ ಮೇಷ್ಟ್ರು ಬರೆದದ್ದು! ಅಜ್ಜಿ ಇಟ್ಟ ಗುರುತಿನಲ್ಲಿ ಇವನ ತಲೆಮಾರಿಗೆ ಏನಾಯಿತು ಅನ್ನೋದಿದೆ. ಇನ್ನು ಮೇಲೆ ಸ್ಟುಡಿಯೋದಲ್ಲಿ ಆ ಪದ ಹೇಳುವ ಮೊದಲು ಒಂದು ಕ್ಷಣ ನಿಲ್ಲಬೇಕು ಅಂದುಕೊಂಡಿದ್ದೇನೆ.

ಹೊರಡುವಾಗ ಅಜ್ಜಿ ಹೇಳಿದ್ದು ಇಷ್ಟು: 'ಇವನ ಮಕ್ಕಳರ ಊರಾಗ ಹುಟ್ಟಬೇಕ್ ನೋಡಪ್ಪ. ಟೀವ್ಯಾಗ ಅದನ್ನ ಹೇಳು.'

ಹೇಳಿದ್ದೇನೆ.