ಕೂಪೆ ಗಾಲಿ, ಸವಾರಿ ಬಂಡಿ ಗಾಲಿ

ಕೂಪೆ ಅಂದ್ರೆ ಈಗ ಎರಡು ಬಾಗಿಲಿನ ದುಬಾರಿ ಕಾರು. ಆದ್ರೆ ಆ ಹೆಸರು ಹುಟ್ಟಿದಾಗ ಕಾರೇ ಇರ್ಲಿಲ್ಲ. ಫ್ರೆಂಚಿನಲ್ಲಿ ಅದಕ್ಕೆ 'ಕತ್ತರಿಸಿದ್ದು' ಅಂತ ಅರ್ಥ. ಎದುರುಬದುರು ಸೀಟಿದ್ದ ಕುದುರೆ ಗಾಡಿಯಲ್ಲಿ ಒಂದು ಸಾಲು ತೆಗೆದುಹಾಕಿ, ಇಬ್ಬರು ಕೂರೋ ಹಾಗೆ ಮಾಡಿದ ಶ್ರೀಮಂತರ ಗಾಡಿ ಅದು. ಇಂಗ್ಲೆಂಡಿನಲ್ಲಿ ಇಂಥದ್ದೇ ಗಾಡಿಗೆ ಬ್ರೂಮ್ ಅಂತಿದ್ರು.

ಗಾಳಿ ತುಂಬಿದ ಟೈರು ಮೊದಲು ಉರುಳಿದ್ದು ಸೈಕಲ್ಲಿನಲ್ಲಲ್ಲ, ಈ ಬ್ರೂಮಿನ ಕೆಳಗೆ! 1845ರಲ್ಲಿ ರಾಬರ್ಟ್ ವಿಲಿಯಂ ಥಾಮ್ಸನ್ ಅನ್ನೋ 23ರ ಹುಡುಗ ಪೇಟೆಂಟ್ ಪಡೆದ. ರಬ್ಬರ್ ಹಚ್ಚಿದ ಕ್ಯಾನ್ವಾಸ್ ಕೊಳವೆ, ಮೇಲೆ ಚರ್ಮದ ಹೊದಿಕೆ. ಅವನ ಉದ್ದೇಶ ಎಳೆಯೋದು ಹಗುರಾಗಬೇಕು, ಕುಲುಕಾಟ ತಗ್ಗಬೇಕು, ಸದ್ದು ಕಡಿಮೆಯಾಗಬೇಕು ಅಂತ. ಒಂದು ಸೆಟ್ 1200 ಮೈಲಿ ಓಡಿತು. ಆದ್ರೂ ಜನ ಮರೆತರು. 1888ರಲ್ಲಿ ಡನ್‌ಲಪ್ ಮಗನ ಮೂರು ಗಾಲಿ ಸೈಕಲ್ಲಿಗೆ ಅದನ್ನೇ ಮತ್ತೆ ಕಂಡುಹಿಡಿದ. ಆಮೇಲೆ ಥಾಮ್ಸನ್ನನ ಹಳೇ ಕಾಗದದಿಂದಾಗಿ ಅವನ ಪೇಟೆಂಟ್ ಬಿದ್ದೇ ಹೋಯ್ತು, ಹೆಸರು ಮಾತ್ರ ಉಳೀತು :)

ಇತ್ತ ನಮ್ಮ ಕಡೆ ನೋಡಿ. 1871ರಲ್ಲಿ ಮುಂಬಯಿ ಕಡೆಯ ರೈಲು, ಮದ್ರಾಸಿನ ರೈಲು ಎರಡೂ ರಾಯಚೂರಲ್ಲಿ ಕೂಡಿದವು. ದೇವದುರ್ಗ, ಮಾನ್ವಿ ಕಡೆಯ ಅರಳೆಗೆ ಸ್ಟೇಷನ್ ಮುಟ್ಟೋಕೆ ಬಂಡಿಯೇ ದಾರಿ. ಬಡಿಗೇರ ಮಾಡಿದ ಕಟ್ಟಿಗೆ ಗಾಲಿ, ಅದಕ್ಕೆ ಕಮ್ಮಾರ ಕೆಂಪಗೆ ಕಾಸಿದ ಕಬ್ಬಿಣದ ಪಟ್ಟಿ ಹಾಕಿ ನೀರು ಹೊಯ್ದರೆ ಪಟ್ಟಿ ಬಿಗಿದುಕೊಂಡು ಕೂರ್ತಿತ್ತು. ಕೀಲೆಣ್ಣೆ ಹಾಕಿದ್ರೂ ಗಡಗಡ ತಪ್ಪಿದ್ದಲ್ಲ. ಸವಾರಿ ಬಂಡಿಯಲ್ಲಿ ಹುಲ್ಲು ಹಾಸಿ ಮೇಲೆ ಕೌದಿ ಹಾಕ್ತಿದ್ರು. ಆಗಿನ ಸಸ್ಪೆನ್ಷನ್ನು ಅದೇ. ಬಸುರಿ ಹೆಂಗಸೂ ಅದರಲ್ಲೇ ಹೋಗಬೇಕಿತ್ತು.

ಡನ್‌ಲಪ್ ಕಂಪನಿ 1936ರಲ್ಲಿ ಬಂಗಾಳದ ಸಾಹಾಗಂಜಿನಲ್ಲಿ ಕಾರ್ಖಾನೆ ತೆರೆಯಿತು. ಎತ್ತಿನ ಬಂಡಿಗೂ ಟೈರು ಬಂತು, 'ಟೈರ್ ಬಂಡಿ' ಅನ್ನೋ ಹೊಸ ಹೆಸರೂ ಬಂತು. ಎತ್ತಿನ ಹೆಗಲ ಹುಣ್ಣು ನೋಡಿ ಮರುಗಿ, ಬಂಡಿ ಸುಧಾರಿಸಬೇಕು ಅಂತ ಬೆಂಗಳೂರು ಐಐಎಂನ ಮೊದಲ ನಿರ್ದೇಶಕ ಎನ್.ಎಸ್. ರಾಮಸ್ವಾಮಿ ವರ್ಷಗಟ್ಟಲೆ ಹೋರಾಡಿದರು. ಮ್ಯಾನೇಜ್‌ಮೆಂಟ್ ಮೇಷ್ಟ್ರೊಬ್ಬರು ಎತ್ತಿನ ಬಂಡಿ ಹಿಂದೆ ಬಿದ್ದಿದ್ದು ನನಗಂತೂ ಭಾಳ ಇಷ್ಟವಾದ ಸಂಗತಿ.

ಆದ್ರೆ ರೈತರು ಕಟ್ಟಿಗೆ ಗಾಲಿ ಬೇಗ ಬಿಡಲಿಲ್ಲ. ಅದು ದಡ್ಡತನ ಅಲ್ಲ. ಎರೆಮಣ್ಣಿನ ಕೆಸರಲ್ಲಿ ಎತ್ತರದ ಗಾಲಿ ಎದ್ದು ಬರುತ್ತೆ, ಗಿಡ್ಡ ಟೈರು ಹೂತು ಕೂರುತ್ತೆ. ಮೇಲೆ ಜಾಲಿ ಮುಳ್ಳು ಬೇರೆ. ನಡುದಾರೀಲಿ ಪಂಚರ್ ಆದ್ರೆ ಕಮ್ಮಾರ ಏನು ಮಾಡಿಯಾನು? ಕೊನೆಗೆ ಟೈರೇ ಗೆದ್ದಿತು, ಗಾಲಿ ಕಟ್ಟೋ ಕೆಲಸ ಬಡಿಗೇರರ ಕೈ ಬಿಟ್ಟು ಹೋಯ್ತು.

ಈಗಿನ ಕೂಪೆಯವರದ್ದೂ ಅದೇ ಸಂಕಟ. 1946ರಲ್ಲಿ ಮಿಶೆಲಿನ್ ರೇಡಿಯಲ್‌ಗೆ ಪೇಟೆಂಟ್ ಪಡೆಯಿತು, ನಮ್ಮಲ್ಲಿ ಜೆಕೆ ಅದನ್ನ 1977ರಲ್ಲಿ ತಂತು. ಟೈರಿನ ಪಕ್ಕೆ ಮೆತ್ತಗಾಗಿ ಸವಾರಿ ಹಿತವಾಯ್ತು. ಆಮೇಲೆ ರನ್‌ಫ್ಲಾಟ್ ಬಂದು ಪಕ್ಕೆ ಮತ್ತೆ ಗಟ್ಟಿಯಾಯ್ತು! ಗಾಳಿ ಹೋದ್ರೂ ಸಾಮಾನ್ಯವಾಗಿ ಗಂಟೆಗೆ 80ರ ವೇಗದಲ್ಲಿ 80 ಕಿಲೋಮೀಟರ್ ಸಾಗುತ್ತೆ, ಆದ್ರೆ ಪ್ರತಿ ತಗ್ಗೂ ಸೊಂಟಕ್ಕೆ ಹೊಡೆಯುತ್ತೆ. ಅದನ್ನು ತೆಗೆದು ಸಾದಾ ಟೂರಿಂಗ್ ಟೈರ್ ಹಾಕಿದ್ರೆ ಕಾರು ಮೌನವಾಗುತ್ತೆ, ಆದ್ರೆ ಅಂಥ ಕಾರುಗಳಲ್ಲಿ ಸ್ಟೆಪ್ನಿಯೇ ಇರಲ್ಲ. ದೇವದುರ್ಗದಿಂದ ಆಗಲಿ, ಮಾನ್ವಿಯಿಂದ ಆಗಲಿ ರಾಯಚೂರು 80ರ ಒಳಗೇ ಇದೆ, ಅಷ್ಟರಮಟ್ಟಿಗೆ ರನ್‌ಫ್ಲಾಟ್ ನಂಬಬಹುದು. ಆದ್ರೂ ನನ್ನ ಮತ ಟೂರಿಂಗ್ ಟೈರಿಗೇ. ಡಿಕ್ಕಿಯಲ್ಲಿ ಪಂಚರ್ ಕಿಟ್, ಗಾಳಿ ಪಂಪು ಇಟ್ಕೊಳ್ಳಿ. ರಿಮ್ಮು ಒಂದಿಂಚು ಚಿಕ್ಕದು ಕೂರುತ್ತಾ ಕೇಳಿ, ಒಟ್ಟು ಎತ್ತರ ಬದಲಾಗದೆ ಪಕ್ಕೆ ದಪ್ಪವಾದ್ರೆ ತಗ್ಗು ಅಷ್ಟು ತಟ್ಟಲ್ಲ. ಲೋಡ್ ಇಂಡೆಕ್ಸ್ ಮಾತ್ರ ಇಳಿಸಬೇಡಿ. ಯುರೋಪಿನ ಲೇಬಲ್ಲಿನ ಡೆಸಿಬೆಲ್ ನಂಬಿ ಕೂರಬೇಡಿ, ಅದು ರಸ್ತೆ ಪಕ್ಕ ನಿಂತವರಿಗೆ ಕೇಳೋ ಸದ್ದು, ಒಳಗೆ ಕೂತವರದ್ದಲ್ಲ. ಮತ್ತೆ ಟೈರಿನ ಪಕ್ಕೆ ಮೇಲಿನ ನಾಲ್ಕಂಕಿ ಓದಿ. 2223 ಅಂದ್ರೆ 2023ರ 22ನೇ ವಾರ. ನಮ್ಮ ಬಿಸಿಲಿಗೆ ರಬ್ಬರ್ ಬೇಗ ಗಟ್ಟಿಯಾಗುತ್ತೆ, ಗಟ್ಟಿಯಾದಷ್ಟೂ ಸದ್ದು ಜಾಸ್ತಿ. ಅಂಗಡೀಲಿ ವರ್ಷಗಟ್ಟಲೆ ಕೂತಿದ್ದ ಟೈರು ಅರ್ಧ ಬೆಲೆಗೆ ಕೊಟ್ರೂ ತರಬೇಡಿ.