ಮಧುಗಿರಿ ಸೀಮೆಯ ಗ್ರಾನೈಟ್ ಮತ್ತು ನೆಲದಾಳದ ಬಿಸಿ

ಕೊರಟಗೆರೆಯಿಂದ ಮಧುಗಿರಿಯ ಮೇಲೆ ಪಾವಗಡದ ಕಡೆಗೆ ಹೋದರೆ ದಾರಿಯುದ್ದಕ್ಕೂ ಕಲ್ಲಿನ ಬೆಟ್ಟಗಳು. ಹೆಚ್ಚಿನವು ಕ್ಲೋಸ್‌ಪೇಟೆ ಗ್ರಾನೈಟಿನವು. ರಾಮನಗರದ ಹಳೆಯ ಹೆಸರನ್ನು ಹೊತ್ತ ಈ ಶಿಲಾಪಟ್ಟಿ ದಕ್ಷಿಣೋತ್ತರವಾಗಿ ಸುಮಾರು 400 ಕಿ.ಮೀ. ಉದ್ದವಿದೆ, ವಯಸ್ಸು ಸುಮಾರು 250 ಕೋಟಿ ವರ್ಷ. ಪಶ್ಚಿಮಕ್ಕೆ ಶಿರಾ ಕಡೆ ಹೊರಳಿದರೆ ಇದಕ್ಕೂ ಹಳೆಯದಾದ, ಪಟ್ಟೆಪಟ್ಟೆಯ ನೈಸ್ ಶಿಲೆ ಸಿಗುತ್ತದೆ.

ಆಳದಲ್ಲೇ ಆರಿದ ಕಲ್ಲು

ಮಧುಗಿರಿಯ ಏಕಶಿಲೆ ಆರಿಹೋದ ಜ್ವಾಲಾಮುಖಿಯಲ್ಲ. ಶಿಲಾರಸ ಮೇಲಕ್ಕೆ ಉಕ್ಕದೆ, ಕಿಲೋಮೀಟರುಗಟ್ಟಲೆ ಆಳದಲ್ಲಿ ನಿಧಾನವಾಗಿ ತಣ್ಣಗಾಯಿತು. ಈ ಗ್ರಾನೈಟಿನಲ್ಲಿ ಬೆರಳಗಾತ್ರದ ಗುಲಾಬಿ ಫೆಲ್ಡ್‌ಸ್ಪಾರ್ ಹರಳುಗಳು ಬೆಳೆದದ್ದು ಅದರಿಂದಲೇ. ಮೇಲಿದ್ದ ನೆಲವೆಲ್ಲ ಸವೆದು ಹೋದಮೇಲೆ ಬೆಟ್ಟ ಹೊರಬಂತು. ಇಲ್ಲಿನ ಭೂಪದರ ಓರೆಯಾಗಿ ಎದ್ದಿರುವುದರಿಂದ, ತೆಂಕಣ ಕಬ್ಬಾಳದುರ್ಗದಲ್ಲಿ ಶಿಲಾರಸದ ಬೇರು ಕಾಣುತ್ತದೆ, ಬಡಗಣಕ್ಕೆ ನಡೆದಂತೆಲ್ಲ ಮೇಲುಮೇಲಿನ ಮಟ್ಟಗಳು. ಇಂಥ ಅನುಕೂಲ ಭೂವಿಜ್ಞಾನಿಗಳಿಗೆ ಅಪರೂಪ.

ಬಿಸಿ ಬಂದದ್ದೆಲ್ಲಿಂದ?

ಇಂದು ಒಂದು ಭೂಫಲಕ ಇನ್ನೊಂದರ ಅಡಿಗೆ ನುಸುಳುವ ಕಡೆ ಜ್ವಾಲಾಮುಖಿಗಳು ಸಾಲುಗಟ್ಟಿ ನಿಲ್ಲುತ್ತವೆ. ವಿಚಿತ್ರವೆಂದರೆ ನುಸುಳುವ ಫಲಕ ತಣ್ಣಗಿರುತ್ತದೆ. ಸುಮಾರು 100 ಕಿ.ಮೀ. ಆಳಕ್ಕೆ ಇಳಿಯುವ ಹೊತ್ತಿಗೆ ಅದರ ಖನಿಜಗಳಿಂದ ನೀರು ಹೊರಬಂದು ಮೇಲಿನ ಮ್ಯಾಂಟಲ್‌ಗೆ, ಅಂದರೆ ಭೂಪದರದ ಕೆಳಗಿನ ಶಿಲಾವಲಯಕ್ಕೆ, ಸೇರುತ್ತದೆ. ನೀರು ಸೇರಿದ ಶಿಲೆ ಕಡಿಮೆ ಉಷ್ಣತೆಯಲ್ಲೇ ಕರಗುತ್ತದೆ. ಇಷ್ಟೇ ಆಗಿದ್ದರೆ ಆ ಜಾಗ ಬೇಗನೆ ತಣ್ಣಗಾಗುತ್ತಿತ್ತು. ಆದರೆ ಇಳಿಯುವ ಫಲಕ ಪಕ್ಕದ ಮ್ಯಾಂಟಲನ್ನೂ ಕೆಳಕ್ಕೆ ಎಳೆದೊಯ್ಯುತ್ತದೆ. ಖಾಲಿಯಾದ ಕಡೆಗೆ ಸುಮಾರು 1,300 ಡಿಗ್ರಿ ಸೆಲ್ಸಿಯಸ್ ಬಿಸಿಯ ಶಿಲೆ ಹಿಂದಿನಿಂದ ಸರಿದು ಬರುತ್ತದೆ. ಘನವಾಗಿದ್ದೇ ವರ್ಷಕ್ಕೆ ಕೆಲವು ಸೆಂಟಿಮೀಟರ್ ಹರಿಯುವ ಶಿಲೆ ಅದು. 1991ರಲ್ಲಿ ಮತ್ತೆ ಸಿಡಿದ ಅಂಡಮಾನಿನ ಬ್ಯಾರನ್ ದ್ವೀಪದ ಕೆಳಗೂ ಇದೇ ವ್ಯವಹಾರ.

ಎರಡು ವಾದ

ಕ್ಲೋಸ್‌ಪೇಟೆ ಗ್ರಾನೈಟ್ ಹುಟ್ಟಿದ್ದೂ ಹೀಗೆಯೇ? ಚಾಡ್ವಿಕ್, ವಾಸುದೇವ್, ಹೆಗ್ಡೆ 2000ರಲ್ಲಿ, ಈ ಸೀಮೆಯೂ ಸೇರಿರುವ ಧಾರವಾಡ ಶಿಲಾಖಂಡದ ಪೂರ್ವಭಾಗವನ್ನು ಓರೆಯಾಗಿ ಒತ್ತಿಕೊಂಡ ಫಲಕಗಳ ಫಲವೆಂದು ವಿವರಿಸಿದರು. ಅದೇ ವರ್ಷ ಜಯಾನಂದ ಮತ್ತು ಸಂಗಡಿಗರು, ಮ್ಯಾಂಟಲಿನ ಆಳದಿಂದ ಎದ್ದ ಬಿಸಿ ಶಿಲೆಯ ಕಂಬವೇ ಕಾರಣ ಎಂದರು. ಕಲ್ಲಿನ ರಾಸಾಯನಿಕ ಗುಣ ನುಸುಳುವಿಕೆಯ ಕಡೆಗೆ ವಾಲುತ್ತದೆ, ಬಿಸಿಯ ಅಗಾಧತೆ ಕಂಬದ ಕಡೆಗೆ. ಎರಡೂ ಒಂದರ ಹಿಂದೊಂದು ನಡೆದಿರಬಹುದೆಂಬ ಮಾತೇ ನನಗೆ ಹೆಚ್ಚು ಒಪ್ಪಿಗೆ.

ಈಗ

ಧಾರವಾಡ ಶಿಲಾಖಂಡದಿಂದ ಹೊರಬರುವ ಬಿಸಿ ಈಗ ಚದರ ಮೀಟರಿಗೆ 30–40 ಮಿಲಿವ್ಯಾಟ್ ಆಸುಪಾಸು. ಜ್ವಾಲಾಮುಖಿ ಸಾಲುಗಳಲ್ಲಿ ಅದು 100ನ್ನೂ ಮೀರುತ್ತದೆ. ಇಲ್ಲಿನ ಅಷ್ಟಿಷ್ಟು ಬಿಸಿಯಲ್ಲೂ ಒಂದು ಪಾಲು ಕಲ್ಲಿನೊಳಗಿನ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂಗಳದ್ದು. ಜನರಿಗೆ ತಟ್ಟುವುದು ಬೇರೆಯದು: ಗ್ರಾನೈಟಿನ ಖನಿಜಗಳಿಂದ ಫ್ಲೋರೈಡ್ ಕರಗಿ ಪಾವಗಡದ ಬೋರ್‌ವೆಲ್ ನೀರಿಗೆ ಸೇರುತ್ತದೆ, ಹಲ್ಲು ಮೂಳೆಗಳನ್ನು ಕೆಡಿಸುತ್ತದೆ.